ಗೋಡೆ ದಾಟಿದ ಕಿವಿಮಾತು

ನಮ್ಮೂರಲ್ಲಿ ಯಾರಿಗಾದರೂ ಒಂದು ಉಪಾಯ ಹೇಳಿಕೊಡುವುದೆಂದರೆ ಕೊಟ್ಟಿಗೆಯ ಹಸುವನ್ನು ಹಗ್ಗದ ಸಮೇತ ಕೊಟ್ಟ ಹಾಗೆ. ಅದು ಅವರ ಮನೆಯಲ್ಲಿ ಹಾಲು ಕರೆಯುತ್ತದೆ, ನಮ್ಮ ಮನೆಯಲ್ಲಿ ಗೂಟ ಉಳಿಯುತ್ತದೆ. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಇದನ್ನು ನಂಬಲಿಲ್ಲ. ದೋಸೆ ಹೆಂಚಿಗೆ ಅರ್ಧ ಈರುಳ್ಳಿಯನ್ನು ಎಣ್ಣೆಯಲ್ಲಿ ಅದ್ದಿ ಉಜ್ಜಿದರೆ ದೋಸೆ ಅಂಟದೆ ಏಳುತ್ತದೆ ಎಂದು ನಾದಿನಿಗೆ ಹೇಳಿಬಿಟ್ಟೆ. ಅವಳು ತಲೆಯಾಡಿಸಿದಳು. ಅಂದಿನಿಂದ ನನ್ನ ಹೆಂಚಿನ ಮೇಲೆ ಒಂದು ದೋಸೆಯೂ ಇಡಿಯಾಗಿ ಎದ್ದಿಲ್ಲ. ಎಷ್ಟು ಈರುಳ್ಳಿ ಉಜ್ಜಿದರೂ ಅಷ್ಟೇ. ನಾದಿನಿಯ ಮನೆಯಲ್ಲಿ ಕಾಗದದಂಥ ದೋಸೆ, ನಮ್ಮ ಮನೆಯಲ್ಲಿ ಹನ್ನೆರಡು ವರ್ಷದಿಂದ ಉಪ್ಪಿಟ್ಟು. ‘ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ’ ಎಂಬ ಗಾದೆ ಎಲ್ಲ ಕಡೆಯೂ ಇದೆ. ನಮ್ಮೂರಲ್ಲಿ ಅದನ್ನು ಗಾದೆ ಎನ್ನುವುದಿಲ್ಲ, ಬುದ್ಧಿವಾದ ಎನ್ನುತ್ತಾರೆ.

ಎಲ್ಲ ಮಾತೂ ಹೀಗೆ ಕೈಬಿಟ್ಟು ಹೋಗುತ್ತದೆ ಎಂದುಕೊಳ್ಳಬೇಡಿ. ಎರಡೆರಡ್ಲ ನಾಲ್ಕು ಎಲ್ಲರ ಮನೆಯಲ್ಲೂ ನಾಲ್ಕೇ. ಕಥೆ, ಹಾಡು, ಚಾಡಿ ಎಷ್ಟು ಹಂಚಿದರೂ ಖರ್ಚಾಗುವುದಿಲ್ಲ, ಚಾಡಿಯಂತೂ ಹೆಚ್ಚುತ್ತದೆ. ಮನೆ ಬಿಟ್ಟು ಹೋಗುವುದು ಉಪಾಯ ಮಾತ್ರ. ಹೇಳಿದವರ ಬಾಯಿಂದ ಹೊರಟು, ಕೇಳಿದವರು ತಲೆಯಾಡಿಸಿದ ಕ್ಷಣಕ್ಕೆ ಅವರದಾಗುತ್ತದೆ. ಗುಂಪಿನಲ್ಲಿ ಹೇಳಿದರೆ ಮೊದಲು ತಲೆಯಾಡಿಸಿದವರದು. ಇದೇ ಕಾರಣಕ್ಕೆ ನಮ್ಮಲ್ಲಿ ಶಾಲೆ ನಿಲ್ಲಲಿಲ್ಲ. ಹಂಚಿನ ಮಾಡಿನ ಚೆಂದದ ಕಟ್ಟಡ ಕಟ್ಟಿ ಹೊರಗಿನಿಂದ ಮೇಷ್ಟರನ್ನು ಕರೆಸಿದ್ದರಂತೆ. ಅವರು ನಲವತ್ತು ಮಕ್ಕಳ ಮುಂದೆ ನಿಂತು ಒಂಬತ್ತರ ಮಗ್ಗಿ ನೆನಪಿಡುವ ಉಪಾಯ ಹೇಳಿದರು. ಮುಂದಿನ ಸಾಲಿನ ಒಬ್ಬಳು ಪಟ್ಟನೆ ತಲೆಯಾಡಿಸಿದಳು. ಉಳಿದ ಮೂವತ್ತೊಂಬತ್ತು ಮಕ್ಕಳು ಮೇಷ್ಟರ ಮುಖ ನೋಡುತ್ತ ಕೂತರು, ಮೇಷ್ಟರು ಗೋಡೆ ನೋಡುತ್ತ ನಿಂತರು. ಹಾಗಾಗಿ ನಮ್ಮ ಮಕ್ಕಳಿಗೆ ನಾವೇ ಮನೆಯಲ್ಲಿ ಪಾಠ ಹೇಳುತ್ತೇವೆ, ಗುರುವಾರ ಗುರುವಾರ ಆ ಶಾಲೆಯ ಕಟ್ಟಡದಲ್ಲಿ ಅಪ್ಪ ಅಮ್ಮಂದಿರು ಸೇರುತ್ತೇವೆ.

ಅಲ್ಲಿ ಕೇಳುವವರು ಹೆಚ್ಚು, ಹೇಳುವವರು ಕಡಿಮೆ. ಸೀದುಹೋದ ಹಾಲಿನ ಪಾತ್ರೆ ತೊಳೆಯುವುದು ಹೇಗೆ, ಹಾಗಲಕಾಯಿ ಪಲ್ಯ ತಿನ್ನಿಸುವುದು ಹೇಗೆ, ಬರೆಯಲು ಕೂತೊಡನೆ ನೀರು ಬೇಕು ಎನ್ನುವ ಮಗುವನ್ನು ಏನು ಮಾಡುವುದು, ಹೀಗೆ ಪ್ರಶ್ನೆಗಳು ಜಮಖಾನದ ಮೇಲೆ ಬಿದ್ದಿರುತ್ತವೆ. ಎಲ್ಲರೂ ಅವನ್ನು ನೋಡಿ ನಿಟ್ಟುಸಿರು ಬಿಟ್ಟು ಮನೆಗೆ ಹೋಗುತ್ತಾರೆ. ಧಾರಾಳವಾಗಿ ಕೊಡುವವರು ಮಕ್ಕಳು ದೊಡ್ಡವರಾದವರು ಮಾತ್ರ. ಪುಟ್ಟತಾಯಮ್ಮ ಎಂಬ ಮುದುಕಿ ನನಗೆ ಬಸ್ಸಿನ ಉಪಾಯ ಕೊಟ್ಟದ್ದು ಹಾಗೆ. ಮಗುವಿನ ಹೊಟ್ಟೆಯ ಮೇಲೆ ಹಳೇ ಪೇಪರು ಮಡಿಸಿ ಕಟ್ಟಿ, ಕೈಯಲ್ಲೊಂದು ನಿಂಬೆ ಎಲೆ ಕೊಟ್ಟು, ಎಡಗಡೆಯ ಮೂರನೇ ಸೀಟಿನಲ್ಲಿ ಕೂರಿಸಿದರೆ ಎಂಥ ತಿರುವಿನ ರಸ್ತೆಯಲ್ಲೂ ವಾಂತಿಯಾಗುವುದಿಲ್ಲ. “ನಾನಿನ್ನು ಬಸ್ ಹತ್ತೋದು ಅಷ್ಟ್ರಲ್ಲೇ ಇದೆ. ತಗೋ ಸರ್ವಮಂಗಳ, ತಲೆಯಾಡ್ಸು” ಎಂದಿದ್ದಳು. ಸರ್ವಮಂಗಳ ನಾನು. ನನ್ನ ಮಗಳು ತುಂಗಾಳ ಹೊಟ್ಟೆ ಬಸ್ಸಿನ ಹಾರನ್ನು ಕೇಳಿದರೇ ಮೇಲೆ ಬರುವಂಥದ್ದು.

ನಮ್ಮ ಪಕ್ಕದ ಮನೆಗೆ ವನಮಾಲ ಬಂದು ಮೂರು ವರ್ಷವಾಗಿತ್ತು. ಹೊರಗಿನವಳು. ಗಂಡ ತೀರಿಕೊಂಡಿದ್ದ. ಬಂದಾಗ ಜೊತೆಗೆ ಆರು ವರ್ಷದ ಮಗ, ಅಚ್ಯುತ. ಅವನು ಅಪ್ಪ ಹೋದಾಗಿನಿಂದ ಒಂದೇ ಒಂದು ಮಾತಾಡಿರಲಿಲ್ಲ. ಬಂದ ವಾರದಲ್ಲೇ ಅವಳು ಹಿತ್ತಲ ಗೋಡೆಯ ಹತ್ತಿರ ನಿಂತು ಅತ್ತಳು. ನಾನು ಏನೋ ಸಮಾಧಾನ ಹೇಳಿದೆ. ಅಳುವವರ ಮುಂದೆ ಬಾಯಿಗೆ ಬಂದದ್ದನ್ನು ಹೇಳುತ್ತೇವಲ್ಲ, ಹಾಗೆ. ಏನು ಹೇಳಿದೆ ಎಂಬುದು ಮಾರನೆಯ ದಿನಕ್ಕೇ ನನಗೆ ಮರೆತುಹೋಗಿತ್ತು.

ಮುಂದೆ ಆದದ್ದನ್ನು ನೋಡಿ. ಎರಡು ತಿಂಗಳಲ್ಲಿ ಆ ಹುಡುಗ ಜೋಳದ ಅರಳಿನ ಹಾಗೆ ಪಟಪಟ ಮಾತಾಡತೊಡಗಿದ. ಗೋಡೆಯಾಚೆ ಬೆಳಗಿನಿಂದ ಸಂಜೆಯ ತನಕ ಅವನ ಗಂಟಲು, ಅವಳ ನಗು. ಆ ಮನೆಗೆ ಹೋದ ಮಕ್ಕಳೆಲ್ಲ ಮಾತಾಡುತ್ತಿದ್ದರು. ಅದೇ ವರ್ಷ ನನ್ನ ತುಂಗಾ ಬಾಯಿ ಮುಚ್ಚಿದಳು. ಪಾಠ ಕೇಳಿದರೆ ಒಪ್ಪಿಸುತ್ತಿದ್ದಳು, ಊಟ ಬೇಕೇ ಎಂದರೆ ಹೂಂ ಎನ್ನುತ್ತಿದ್ದಳು. ಅವಳ ಮನಸ್ಸಿನದೊಂದು ಮಾತು ಮಾತ್ರ ನನಗೆ ಸಿಗುತ್ತಿರಲಿಲ್ಲ. ನಾನು ಎದುರು ಕೂರಿಸಿಕೊಂಡು ಗಲ್ಲ ಹಿಡಿದು ಕೇಳಿದೆ, ಬೈದೆ, ಕೊಬ್ಬರಿಮಿಠಾಯಿ ಮಾಡಿಕೊಟ್ಟೆ. ಮಿಠಾಯಿ ತಿಂದು, ಸ್ಲೇಟು ಎತ್ತಿಕೊಂಡು, “ಚಿಕ್ಕಮ್ಮನ ಮನೇಲಿ ಲೆಕ್ಕ ಮಾಡ್ತೀನಿ” ಎಂದು ಗೋಡೆ ಹತ್ತಿ ಆಚೆ ಇಳಿಯುತ್ತಿದ್ದಳು. ಚಿಕ್ಕಮ್ಮ ಎಂದರೆ ವನಮಾಲ. ನನಗೆ ಹೊಟ್ಟೆಕಿಚ್ಚಾಯಿತು. ಸುತ್ತಿ ಬಳಸಿ ಹೇಳುವುದೇಕೆ? ಅನ್ನ ಬಡಿಸುವಾಗ, ಬಟ್ಟೆ ಹಿಂಡುವಾಗ, ದೇವರಿಗೆ ಹೂವಿಡುವಾಗಲೂ ಕಿವಿ ಗೋಡೆಯ ಮೇಲೆಯೇ ಇರುತ್ತಿತ್ತು. ಯಾರಿಂದಲೋ ಭಾರಿ ಉಪಾಯ ಹೊಡೆದುಕೊಂಡು ಬಂದು ನನ್ನ ಮಗಳನ್ನು ಮರುಳು ಮಾಡಿದ್ದಾಳೆ ಎಂದೇ ನಂಬಿದ್ದೆ.

ಒಂದು ಮಧ್ಯಾಹ್ನ ನಾನು ಬಟ್ಟೆ ಹರವುತ್ತಿದ್ದಾಗ ವನಮಾಲ ಗೋಡೆಯ ಹತ್ತಿರ ಬಂದಳು. “ಮಂಗಳಕ್ಕ, ತುಂಗನ ದವಡೆ ಹಲ್ಲು ಬಿದ್ದಿದೆ. ಉಪ್ಪುನೀರಲ್ಲಿ ಬಾಯಿ ಮುಕ್ಕಳಿಸೋಕೆ ಹೇಳಿ. ಆಮೇಲೆ ಅವಳಿಗೆ ಪರೀಕ್ಷೆ ಅಂದ್ರೆ ಭಯ ಅಂತೆ ಕಣಕ್ಕ. ಪ್ರಶ್ನೆದಲ್ಲ, ಅಲ್ಲೇ ಇಟ್ಕೊಂಡ್ಬಿಟ್ರೆ ಅಂತ.”

“ನಂಗೊತ್ತು” ಎಂದೆ. ನನಗೆ ಗೊತ್ತಿರಲಿಲ್ಲ. ನಾನು ಹೆತ್ತ ಮಗಳ ಬಾಯೊಳಗಿನ ಹಲ್ಲು ಬಿದ್ದ ಸುದ್ದಿ ನನಗೆ ಪಕ್ಕದ ಮನೆಯಿಂದ ಬರಬೇಕಾಯಿತು. ಕೈಯಲ್ಲಿದ್ದ ಗಂಡನ ಪಂಚೆಯನ್ನು ಎಷ್ಟು ಜೋರಾಗಿ ಕೊಡವಿದೆನೆಂದರೆ ಅಂಚು ಹರಿಯಿತು.

ಪರೀಕ್ಷೆಯ ವಿಷಯ ಹೇಳಬೇಕು. ನಮ್ಮ ಮಕ್ಕಳಿಗೆ ಒಂಬತ್ತು ತುಂಬಿದ ಚಳಿಗಾಲದಲ್ಲಿ ಅವರನ್ನು ಬಸ್ಸಿನಲ್ಲಿ ಮೂವತ್ತೆರಡು ತಿರುವು ಇಳಿಸಿ ಹೊಳೆಯಾಚೆಯ ಊರಿಗೆ ಕರೆದೊಯ್ಯಬೇಕು. ಅಲ್ಲಿ ಮೂವರು ಹಿರಿಯರು ಕೂತು ಐದು ಪ್ರಶ್ನೆ ಕೇಳುತ್ತಾರೆ. ತಪ್ಪು ಹೇಳಿದರೂ ನಡೆಯುತ್ತದೆ. ಬಾಯಿ ಬಿಡದಿದ್ದರೆ ಮಾತ್ರ, ಮನೆಪಾಠ ಈ ಮಗುವಿಗೆ ಹಿಡಿದಿಲ್ಲ ಎಂದು ಅಲ್ಲಿನ ವಸತಿಶಾಲೆಯಲ್ಲೇ ಉಳಿಸಿಕೊಳ್ಳುತ್ತಾರೆ. ಆಮೇಲೆ ವರ್ಷಕ್ಕೊಮ್ಮೆ ನೋಡಬಹುದು. ಆ ವರ್ಷ ತುಂಗಾ, ಅಚ್ಯುತ ಇಬ್ಬರ ಸರದಿಯೂ ಬಂದಿತ್ತು.

ಪರೀಕ್ಷೆಗೆ ಆರು ದಿನ ಇದ್ದಾಗ ನಾನು ಗಟ್ಟಿ ಮನಸ್ಸು ಮಾಡಿ ಗೋಡೆಯ ಹತ್ತಿರ ಅವಳನ್ನು ಕರೆದೆ.

“ಅಚ್ಯುತಂಗೂ ಬಸ್ಸಲ್ಲಿ ವಾಂತಿ ಆಗುತ್ತಲ್ವಾ? ನನ್ನ ಹತ್ರ ಉಪಾಯ ಇದೆ. ಕೊಡ್ತೀನಿ. ನೀನು ಮಕ್ಕಳನ್ನ ಹೆಂಗೆ ಮಾತಾಡಿಸ್ತೀಯ, ಅದನ್ನ ಕೊಡು.”

ಅವಳು ನನ್ನ ಮುಖವನ್ನೇ ನೋಡಿದಳು. “ಅದನ್ನಾ ಅಕ್ಕ? ನಿಮಗೆ ಗೊತ್ತಿಲ್ವಾ?”

ಗೇಲಿ ಮಾಡುತ್ತಿದ್ದಾಳೆ ಎನ್ನಿಸಿ ಮೈ ಉರಿಯಿತು. ಹಟಕ್ಕೆ ಮೊದಲು ನನ್ನದನ್ನೇ ಹೇಳಿದೆ: ಪೇಪರು, ನಿಂಬೆ ಎಲೆ, ಮೂರನೇ ಸೀಟು. ಅವಳು ತಲೆಯಾಡಿಸಿದಳು. ಆಮೇಲೆ ಗೋಡೆಯ ಮೇಲೆ ಎರಡೂ ಕೈ ಊರಿಕೊಂಡು, ಮನೆಯ ಕಡೆಗೊಮ್ಮೆ ತಿರುಗಿ ಮಗ ಎಲ್ಲಿದ್ದಾನೆಂದು ನೋಡಿ, ಮೆಲ್ಲಗೆ ಹೇಳಿದಳು.

“ಮಗು ಎದುರಿಗೆ ಕೂತ್ಕೋಬಾರ್ದು. ಪಕ್ಕದಲ್ಲಿ ಕೂತ್ಕೋಬೇಕು. ಕೈಗೆ ಬಿಡಿಸೋಕೆ ಏನಾದ್ರೂ ಇರ್ಬೇಕು, ಅವರೆಕಾಳೋ ಸೊಪ್ಪೋ. ಮುಖ ನೋಡ್ಬಾರ್ದು. ಏನೂ ಕೇಳ್ಬಾರ್ದು. ಅವೇ ಶುರು ಮಾಡ್ತವೆ.” ಆಮೇಲೆ ತಲೆಯೆತ್ತಿದಳು. “ಇದು ನಿಮ್ದೇ ಅಲ್ವಾ ಅಕ್ಕ? ನಾನು ಬಂದ ಹೊಸದ್ರಲ್ಲಿ ಅಳ್ತಿದ್ದಾಗ ಇಲ್ಲೇ ನಿಂತ್ಕೊಂಡು ಹೇಳಿದ್ರಲ್ಲ. ನಿಮಗೆ ವಾಪಸ್ ಬೇಕಾದಾಗ ಕೇಳ್ತೀರ ಅಂತ ಕಾಯ್ತಾ ಇದ್ದೆ.”

ನನ್ನ ಅಮ್ಮ ನನ್ನ ಪಕ್ಕ ಹಾಗೆ ಕೂರುತ್ತಿದ್ದಳು. ನೆನೆಸಿದ ಅವರೆಕಾಳನ್ನು ಒಂದೊಂದೇ ಹಿತುಕಿ ಸಿಪ್ಪೆ ಬಿಡಿಸುತ್ತ, ಕಣ್ಣು ಬಟ್ಟಲಿನ ಮೇಲೆ. ನಾನು ನನ್ನ ಗುಟ್ಟೆಲ್ಲ ಆ ಬಟ್ಟಲಿಗೇ ಹೇಳಿಕೊಳ್ಳುತ್ತಿದ್ದೆ. ತುಂಗಾಳ ಪಕ್ಕವೂ ನಾನು ಹಾಗೇ ಕೂತಿದ್ದವಳು. ಅದೊಂದು ಉಪಾಯ ಎಂದು ನನಗೆ ತಿಳಿದೇ ಇರಲಿಲ್ಲ. ಹಿತ್ತಲ ಗಿಡ ಮದ್ದಲ್ಲ. ದೋಸೆ ಹೆಂಚಿನ ಬಗ್ಗೆ ಹನ್ನೆರಡು ವರ್ಷ ಕೊರಗಿದವಳು ಮಗಳನ್ನೇ ಗೋಡೆಯಾಚೆ ಎತ್ತಿಕೊಟ್ಟು ಮರೆತಿದ್ದೆ. ಮೂರು ವರ್ಷ ನಾನು ಹೊಟ್ಟೆ ಉರಿಸಿಕೊಂಡದ್ದು ನನ್ನದೇ ಮಾತಿನ ಮೇಲೆ.

“ಹೌದಲ್ಲ” ಎಂದೆ. ಎನ್ನುತ್ತ ತಲೆಯಾಡಿಸಿದೆ.

ವನಮಾಲ ಗೋಡೆಯಿಂದ ಕೈ ತೆಗೆದಳು. ಸೆರಗು ಸರಿಮಾಡಿಕೊಂಡು ಒಳಗೆ ಹೋದಳು. ಕೊಟ್ಟದ್ದನ್ನು ಮರಳಿ ಕೇಳುವ ಪದ್ಧತಿ ನಮ್ಮೂರಲ್ಲಿಲ್ಲ. ಕೇಳಿದರೆ ನಾಚಿಕೆಗೇಡು, ಕೇಳಿದರೂ ಯಾರೂ ಕೊಡುವುದಿಲ್ಲ. ಹೊರಗಿನವಳಾದ್ದರಿಂದ ಅವಳಿಗೆ ಇದು ತಿಳಿದಿರಲಿಲ್ಲ. ಅವಳ ಆ ಒಳ್ಳೆಯತನವನ್ನು ಕಂಡೂ ನನಗೆ ಹೊಟ್ಟೆಕಿಚ್ಚಾಯಿತು ಎಂದರೆ ನನ್ನ ಹೊಟ್ಟೆ ಎಂಥದ್ದಿರಬೇಕು ಯೋಚಿಸಿ.

ಅಂದೇ ಸಂಜೆ ಅವರೆಕಾಳಿನ ಬಟ್ಟಲು ಹಿಡಿದು ತುಂಗಾಳ ಪಕ್ಕ ಕೂತೆ. ಹತ್ತು ಕಾಳು ಹಿತುಕಿದ್ದೆನೋ ಇಲ್ಲವೋ, ಅವಳೂ ಬಟ್ಟಲಿಗೆ ಕೈಹಾಕಿದಳು. “ಅಮ್ಮ, ಹಲ್ಲಿ ಬಾಲ ಬಿಟ್ಟೋಗುತ್ತಲ್ಲ, ಆ ಬಾಲಕ್ಕೆ ಹಲ್ಲಿ ಎಲ್ಲೋಯ್ತು ಅಂತ ಗೊತ್ತಾಗುತ್ತಾ?” ಎಂದಳು. ನನಗೆ ಕಣ್ಣು ಮಂಜಾಯಿತು. ಮುಖ ಮಾತ್ರ ಎತ್ತಲಿಲ್ಲ. ಹಲ್ಲಿಯಿಂದ ಹಲ್ಲಿಗೆ, ಹಲ್ಲಿನಿಂದ ಪರೀಕ್ಷೆಗೆ, ಪರೀಕ್ಷೆಯಿಂದ ಅಪ್ಪನ ಗೊರಕೆಗೆ, ಮೂರು ವರ್ಷದ ಬಾಕಿ ಮಾತು ಹರಿದು ಬಂತು. ಅರ್ಧ ಸೇರು ಕಾಳು ಮುಗಿದರೂ ಮಾತು ಮುಗಿಯಲಿಲ್ಲ. ಗೋಡೆಯಾಚೆ ಕೇಳಿಸಲಿ ಎಂದು ನಾನು ಬೇಕೆಂದೇ ಜೋರಾಗಿ ನಗುತ್ತಿದ್ದೆ. ಇದನ್ನು ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ, ಆಗ ಆಗಲಿಲ್ಲ.

ಗೋಡೆಯಾಚೆ ಸದ್ದಿರಲಿಲ್ಲ. ಮೊದಲ ದಿನ ಅದು ನನಗೆ ಹಿತವಾಗಿತ್ತು. ಮೂರನೆಯ ದಿನ ಬಟ್ಟೆ ತೆಗೆಯಲು ಹೋದವಳು ಇಣುಕಿದೆ. ವನಮಾಲ ಹಿತ್ತಲ ಮೆಟ್ಟಿಲ ಮೇಲೆ ಮಗನ ಪಕ್ಕ ಕೂತು ಅವರೆಕಾಳು ಹಿತುಕುತ್ತಿದ್ದಳು. ಬೇಳೆ ಒಂದು ಗುಡ್ಡೆ, ಸಿಪ್ಪೆ ಒಂದು ಗುಡ್ಡೆ ಬಿದ್ದಿತ್ತು. ಅಚ್ಯುತ ಕಾಂಪೌಂಡಿನ ಕಡೆ ನೋಡುತ್ತ ಕೂತಿದ್ದ. ಅವಳು ಹಿತುಕುವುದನ್ನು ನಿಲ್ಲಿಸಲಿಲ್ಲ.

“ಅಮ್ಮ, ಅಚ್ಯುತ ಮಾತಾಡ್ತಿಲ್ಲ” ಎಂದಳು ತುಂಗಾ, ಅಂದು ಸಂಜೆ ಬಟ್ಟಲಿನ ಮುಂದೆ. “ನೀನು ಚಿಕ್ಕಮ್ಮನ ಹತ್ರ ಏನಾದ್ರೂ ಇಸ್ಕೊಂಡ್ಯಾ?”

“ನಂದೇ ನಾನು ತಗೊಂಡೆ.”

“ಅವನಿಗೆ ಪರೀಕ್ಷೆ ಇದೆಯಲ್ಲ?”

“ಅವರವರ ಮಕ್ಕಳು ಅವರವರಿಗೆ” ಎಂದೆ. ಅವಳು ಮಾತು ನಿಲ್ಲಿಸಲಿಲ್ಲ, ಉಪಾಯ ನನ್ನ ಕೈಯಲ್ಲಿತ್ತಲ್ಲ. ಆದರೆ ಅಲ್ಲಿಂದ ಮುಂದಿನ ಮಾತೆಲ್ಲ ಅಚ್ಯುತನ ಮೇಲೆಯೇ ಇತ್ತು: ಅವನಪ್ಪ ಅವನನ್ನು ಹೆಗಲ ಮೇಲೆ ಕೂರಿಸಿಕೊಂಡು ಹಾಡುತ್ತಿದ್ದದ್ದು, ಅಪ್ಪ ಹೋದ ದಿನ ತಾನು ಮಾತಾಡಿದರೆ ಅಮ್ಮ ಅಳುತ್ತಾಳೆಂದು ಅವನು ಸುಮ್ಮನಾದದ್ದು. ಕೇಳಬೇಕೆಂದು ಹಂಬಲಿಸಿದ್ದೆನಲ್ಲ, ಕೇಳಿದೆ.

ಪರೀಕ್ಷೆಯ ಬೆಳಿಗ್ಗೆ ಬಸ್ಸಿನಲ್ಲಿ ವನಮಾಲ, ಅಚ್ಯುತ ಎಡಗಡೆಯ ಮೂರನೇ ಸೀಟಿನಲ್ಲಿ, ನಾವು ಹಿಂದಿನದರಲ್ಲಿ. ಅಚ್ಯುತ ನಿಂಬೆ ಎಲೆ ಹಿಡಿದು ಕಿಟಕಿಗೆ ಹಣೆ ಹಚ್ಚಿಕೊಂಡು ಕಲ್ಲಿನ ಹಾಗೆ ಕೂತಿದ್ದ. ತುಂಗಾ ಏಳನೆಯ ತಿರುವಿನಲ್ಲಿ ನನ್ನ ರೇಷ್ಮೆ ಸೀರೆಯ ಮೇಲೆ ಒಮ್ಮೆ, ಹತ್ತೊಂಬತ್ತನೆಯದರಲ್ಲಿ ಇನ್ನೊಮ್ಮೆ ವಾಂತಿ ಮಾಡಿದಳು, ನಡುವೆ ಬಿಡುವಿದ್ದಾಗಲೆಲ್ಲ ಮಾತಾಡಿದಳು. ವನಮಾಲ ತಿರುಗಿ ನೀರಿನ ಚೊಂಬು ಕೊಟ್ಟು, “ಬಸ್ಸಿಂದು ವಾಪಸ್ ಹೇಳ್ಲಾ ಅಕ್ಕ?” ಎಂದಳು. “ಬೇಡ” ಎಂದೆ. ವಾಂತಿಯ ವಾಸನೆಯಲ್ಲೂ ನನ್ನ ಬಿಗುಮಾನ ಕಡಿಮೆಯಾಗಿರಲಿಲ್ಲ.

ಪರೀಕ್ಷೆಯ ಮನೆಯ ಜಗಲಿಯಲ್ಲಿ ಮಕ್ಕಳನ್ನು ಸಾಲಾಗಿ ಕೂರಿಸಿದ್ದರು. ಬಾಗಿಲ ಆಚೆ ವಸತಿಶಾಲೆಯ ಅಂಗಳ ಕಾಣುತ್ತಿತ್ತು. ಒಂದೇ ಅಳತೆಯ ಬೂದು ಅಂಗಿಗಳು ದಾರದ ಮೇಲೆ ಒಣಗುತ್ತಿದ್ದವು. ವನಮಾಲ ಮಗನ ಎದುರು ಮಂಡಿಯೂರಿ ಅವನ ಮುಖವನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. “ಹೆಸರಷ್ಟೇ ಹೇಳು ಕಂದ. ಅಚ್ಯುತ ಅಂತ ಅಂದ್ಬಿಡು ಸಾಕು.” ಅವನು ಅವಳ ಹಣೆಯ ಮೇಲೆಲ್ಲೋ ನೋಡುತ್ತಿದ್ದ. ಮೂರು ವರ್ಷ ನಾನು ತುಂಗಾಳ ಎದುರು ಕೂತದ್ದು ಥೇಟ್ ಹೀಗೆಯೇ.

ನನ್ನ ಚೀಲದಲ್ಲಿ ನೆನೆಸಿದ ಅವರೆಕಾಳಿನ ಡಬ್ಬಿ ಇತ್ತು. ಕೊನೆಯ ಗಳಿಗೆಯವರೆಗೂ ಮಗಳ ಮಾತು ಕೇಳುವ ಆಸೆಗೆ ತಂದಿದ್ದೆ. ತುಂಗಾ ಡಬ್ಬಿಯನ್ನು ನೋಡಿದಳು, ನನ್ನನ್ನು ನೋಡಿದಳು.

“ಅಮ್ಮ, ನಂಗೆ ಬಾಯಿ ಬರುತ್ತೆ. ಒಳಗೆ ಹೋಗಿ ನಾನು ಹೇಳ್ತೀನಿ. ಅದನ್ನ ಅವರಿಗೆ ಕೊಡು.”

“ಕೊಟ್ರೆ ನೀನು ನನ್ನ ಹತ್ರ ಮಾತಾಡಲ್ವಲ್ಲೇ” ಎಂದೆ. ಅವಳು ಡಬ್ಬಿಯನ್ನು ನನ್ನ ಕೈಗಿಟ್ಟಳು. ಸುಳ್ಳು ಸಮಾಧಾನ ಹೇಳುವ ಮಗಳಲ್ಲ ಅವಳು.

ಒಳಗಿನಿಂದ ಒಬ್ಬರು ಬಂದು ಹೆಸರಿನ ಪಟ್ಟಿ ಬಿಡಿಸಿದರು. ಅಚ್ಯುತನಿಗಿಂತ ಮುಂದೆ ಇಬ್ಬರು ಮಕ್ಕಳಿದ್ದರು. ನಾನು ಎದ್ದುಹೋಗಿ ವನಮಾಲಳ ತೋಳು ಹಿಡಿದು ಬದಿಗೆ ಎಳೆದೆ.

“ಮಗು ಎದುರಿಗೆ ಕೂತ್ಕೋಬಾರ್ದು. ಪಕ್ಕದಲ್ಲಿ ಕೂತ್ಕೋಬೇಕು...”

“ಬೇಡ ಅಕ್ಕ. ಅದು ನಿಮ್ದು. ತುಂಗಾ ಪಾಪ...”

“ಕೈಗೆ ಬಿಡಿಸೋಕೆ ಏನಾದ್ರೂ ಇರ್ಬೇಕು. ಮುಖ ನೋಡ್ಬಾರ್ದು. ಏನೂ ಕೇಳ್ಬಾರ್ದು. ಅವೇ ಶುರು ಮಾಡ್ತವೆ. ತಲೆಯಾಡ್ಸು.”

ಅವಳು ತಲೆ ಅಡ್ಡಡ್ಡ ಆಡಿಸುತ್ತಿದ್ದಳು, ಕಣ್ಣಲ್ಲಿ ನೀರು. ಮುಂದಿನ ಮಗುವನ್ನು ಕರೆದರು.

“ತಲೆಯಾಡ್ಸೇ ಹಾಳಾದೋಳೇ!” ಎಂದು ಅವಳ ಗಲ್ಲ ಹಿಡಿದು ನಾನೇ ಮೇಲೆ ಕೆಳಗೆ ಆಡಿಸಿದೆ. ಜಗಲಿಯಲ್ಲಿದ್ದವರೆಲ್ಲ ನಮ್ಮನ್ನು ನೋಡಿದರು. ಡಬ್ಬಿಯನ್ನು ಅವಳ ಕೈಗೆ ತುರುಕಿ ಬಂದು ಕೂತೆ.

ಅವಳು ಮಗನ ಪಕ್ಕ ಕೂತು ಕಾಳು ಹಿತುಕತೊಡಗಿದಳು. ಒಂದು, ಎರಡು, ಏಳು. ಎಂಟನೆಯದು ಕೈತಪ್ಪಿ ಜಾರಿ ಪಟ್ಟಿ ಹಿಡಿದವರ ಕಾಲ ಬಳಿ ಬಿತ್ತು. “ಹಾರಿಹೋಯ್ತು” ಎಂದ ಅಚ್ಯುತ. ಆಮೇಲೆ, “ಅಮ್ಮ, ಆ ಅಂಗಿ ಎಲ್ಲಾ ಯಾಕೆ ಒಂದೇ ಥರ ಇದಾವೆ?” ಎಂದ. ಹೆಸರು ಕರೆದಾಗ ಮಾತಾಡುತ್ತಲೇ ಒಳಗೆ ಹೋದ. ಐದು ಪ್ರಶ್ನೆ ಕೇಳಿದ ಹಿರಿಯರಿಗೆ ಅವನು ಹನ್ನೊಂದು ಪ್ರಶ್ನೆ ಕೇಳಿದನಂತೆ. ತುಂಗಾ ಹೋಗಿ ಐದಕ್ಕೆ ಐದು ಉತ್ತರ ಹೇಳಿ, ಆರನೆಯ ಮಾತಾಡದೆ ಹೊರಗೆ ಬಂದಳು. ಇಬ್ಬರಿಗೂ ಮನೆಗೆ ಹೋಗಿ ಎಂದರು.

ಬರುವಾಗ ಬಸ್ಸಿನಲ್ಲಿ ಮುಂದಿನ ಸೀಟಿನಿಂದ ಮಾತು ನಿಲ್ಲಲೇ ಇಲ್ಲ. ತುಂಗಾ ನನ್ನ ಪಕ್ಕ ಕಿಟಕಿ ನೋಡುತ್ತ ಕೂತಿದ್ದಳು. ವಾಂತಿಗೆ ಬಾಯಿ ತೆರೆದಳೇ ಹೊರತು ಮಾತಿಗಲ್ಲ. ಒಳ್ಳೆಯ ಕೆಲಸ ಮಾಡಿದರೆ ಮನಸ್ಸು ಹಗುರಾಗುತ್ತದೆ ಎನ್ನುತ್ತಾರೆ. ನನಗಾಗಲಿಲ್ಲ. ಮೂವತ್ತೆರಡು ತಿರುವೂ ನನ್ನ ಹೊಟ್ಟೆ ಉರಿಯಿತು.

ಮಾರನೆಯ ಬೆಳಿಗ್ಗೆ ಹಾಲು ಕಾಯಿಸುತ್ತಿದ್ದಾಗ ವನಮಾಲ ಗೋಡೆಯ ಹತ್ತಿರದಿಂದ ಕರೆದಳು. ಹೋದೆ. “ಮಗು ಎದುರಿಗೆ ಕೂತ್ಕೋಬಾರ್ದು...” ಎಂದು ಶುರು ಮಾಡಿದಳು.

“ಏನೇ ಇದು?”

“ಸಂಜೆ ತನಕ ನೀವು ಇಟ್ಕೊಳ್ಳಿ ಅಕ್ಕ. ದೀಪ ಹಚ್ಚೋ ಹೊತ್ತಿಗೆ ನಂಗೆ ಕೊಡಿ. ಒಂದೇ ಒರಳಲ್ಲಿ ನಾಕು ಮನೆಯೋರು ರುಬ್ಬಲ್ವಾ?”

ನಮ್ಮೂರು ಹುಟ್ಟಿದಾಗಿನಿಂದ ಯಾರಿಗೂ ಇದು ಹೊಳೆದಿರಲಿಲ್ಲ. ಹೊಳೆಯುವುದು ಹೇಗೆ, ಕೊಟ್ಟದ್ದು ಮರಳಿ ಬರುತ್ತದೆಂದು ನಂಬಿದವರು ಇದ್ದರೆ ತಾನೆ? ಅಂದಿನಿಂದ ದಿನಕ್ಕೆರಡು ಸಲ ನಾವು ಗೋಡೆಯ ಹತ್ತಿರ ನಿಂತು ಅದೇ ನಾಲ್ಕು ಮಾತು ಹೇಳುತ್ತೇವೆ, ತಲೆಯಾಡಿಸುತ್ತೇವೆ. ಬಸ್ಸಿನದೂ ಹಾಗೆಯೇ ಆಚೀಚೆ ಓಡಾಡುತ್ತದೆ. “ಹುಚ್ಚು ಹಿಡಿದಿದೆ ಇಬ್ರಿಗೂ” ಎಂದು ಪುಟ್ಟತಾಯಮ್ಮ ಗುರುವಾರದ ಸಭೆಯಲ್ಲಿ ನಗಾಡಿದಳು. ಹೋದ ವಾರ ನನ್ನ ನಾದಿನಿ ಮಾತ್ರ ಸುಮ್ಮನೆ ಬಂದು, “ಅತ್ತಿಗೆ, ಭಾನುವಾರ ಒಂದಿನ ದೋಸೆ ಬೇಕಾ?” ಎಂದು ಕೇಳಿ ಹೋದಳು.

ಹೊಟ್ಟೆಕಿಚ್ಚು ಹೋಯಿತೇ ಎಂದು ಕೇಳಬೇಡಿ. ನಿನ್ನೆ ಸಂಜೆ ತುಂಗಾ ಏನೋ ಹೇಳುತ್ತಿದ್ದಳು. “ಅಮ್ಮ, ನಂಗೆ ಒಂದೊಂದ್ಸಲ ಏನನ್ಸುತ್ತೆ ಗೊತ್ತಾ...” ಎನ್ನುವಷ್ಟರಲ್ಲಿ ದೀಪದ ಹೊತ್ತಾಯಿತು. ವನಮಾಲ ಗೋಡೆಯ ಹತ್ತಿರ ಬಂದು ನಿಂತಿದ್ದಳು. ಕರೆಯಲಿಲ್ಲ, ಬೇರೆ ಕಡೆ ನೋಡುತ್ತಿದ್ದಳು. ಇನ್ನೊಂದು ಗಳಿಗೆ ತಡೆಯೋಣವೇ ಎಂದುಕೊಂಡೆ. ಎದ್ದುಹೋಗಿ ಹೇಳಿದೆ. ಅವಳು ತಲೆಯಾಡಿಸಿದಳು. ತಿರುಗಿ ಬರುವಷ್ಟರಲ್ಲಿ ಗೋಡೆಯಾಚೆ ಅಚ್ಯುತ ಕೇಕೆ ಹಾಕಿ ನಗುತ್ತಿದ್ದ, ನನ್ನ ಹೊಟ್ಟೆ ಭಗ್ಗೆಂದಿತು. ಇನ್ನು ನಡೆಯುವುದಿಲ್ಲ ಎಂದು ಗೊತ್ತಿದ್ದೂ ಬಟ್ಟಲು ತೊಡೆಯ ಮೇಲಿಟ್ಟುಕೊಂಡು ತುಂಗಾಳ ಪಕ್ಕ ಕೂತೆ. ಅವಳು ಮಾತಾಡಲಿಲ್ಲ. ಆದರೆ ಎದ್ದೂ ಹೋಗಲಿಲ್ಲ. ಬಟ್ಟಲಿಗೆ ಕೈಹಾಕಿ, ಒಂದು ಕಾಳು ಹಿತುಕಿ, ಬೇಳೆಯನ್ನು ನನ್ನ ಬಾಯಿಗೆ ಇಟ್ಟಳು.